ಎರವಲು ಕ್ಯಾಮೆರಾ, ಮಲೆನಾಡಿನ ಮಳೆ

ಬಾಗಲೂರು, ಹೊಸೂರುಗಳು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿವೆ. ಈ ಹಿತವಾದ ಹವೆಗೆ ಒಗ್ಗಿದ ನಾವು, ಪರಸ್ಥಳಕ್ಕೆ ಹೊರಟಾಗ ಕ್ಯಾಮೆರಾಕ್ಕೂ ರಕ್ಷಣೆ ಬೇಕೆಂಬುದನ್ನು ಮರೆಯುತ್ತೇವೆ. ಶಾಲಾ ಪ್ರವಾಸಕ್ಕೆ ಒಯ್ಯುವ ಕ್ಯಾಮೆರಾ ಎಷ್ಟೋ ವೇಳೆ ಚಿಕ್ಕಪ್ಪನದೋ ನೆರೆಮನೆಯವರದೋ ಆಗಿರುತ್ತದೆ. ಅದು ಕೆಟ್ಟರೆ ಕೆಡುವುದು ಯಂತ್ರವೊಂದೇ ಅಲ್ಲ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುತ್ತದೆ. ಸುರಿಯುವ ಹನಿ ಕಣ್ಣಿಗೆ ಕಾಣುತ್ತದೆ. ಗಾಳಿಯಲ್ಲಿನ ತೇವ ಕಾಣದು. ಆ ತೇವದಿಂದ ಲೆನ್ಸಿನೊಳಗೆ ಬೂಷ್ಟು ಹುಟ್ಟಿ, ಜೇಡರ ಬಲೆಯಂತೆ ಹರಡಿ, ಗಾಜಿನ ಲೇಪನವನ್ನೇ ಕೆಡಿಸುತ್ತದೆ. ಆದುದರಿಂದ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಕ್ಯಾಮೆರಾವನ್ನು ಇಡತಕ್ಕದ್ದು. ನೀಲಿ ಹರಳುಗಳು ನಸುಗೆಂಪಾದರೆ ಅವು ತೇವವನ್ನು ಹೀರಿ ತಣಿದಿವೆಯೆಂದು ಅರ್ಥ. ಚರ್ಮದ ಚೀಲ ಒಯ್ಯಲು ಚೆನ್ನ, ತಿಂಗಳುಗಟ್ಟಲೆ ಇಡಲು ಸಲ್ಲದು. ನೆನೆದ ಕ್ಯಾಮೆರಾವನ್ನು ಅಕ್ಕಿಯಲ್ಲಿ ಹೂಳುವ ಉಪಾಯವೂ ಬೇಡ. ಅಕ್ಕಿಯ ಹುಡಿ ಒಳಸೇರುತ್ತದೆ. ಕೂಡಲೇ ಬ್ಯಾಟರಿಯನ್ನು ತೆಗೆದು, ಒರೆಸಿ, ರಿಪೇರಿ ಬಲ್ಲವರಿಗೆ ಒಪ್ಪಿಸಬೇಕು.

ಹವಾನಿಯಂತ್ರಿತ ಬಸ್ಸಿನಿಂದ ಇಳಿದೊಡನೆ ತಣ್ಣಗಿನ ಲೆನ್ಸಿನ ಮೇಲೆ ಹೊರಗಿನ ತೇವ ಹನಿಗಟ್ಟುತ್ತದೆ. ಇಳಿಯುವ ಮುನ್ನವೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಹೊರಗಿನ ಬಿಸುಪಿಗೆ ಹೊಂದಿದ ಮೇಲೆ ತೆರೆದರೆ ಈ ತೊಂದರೆಯಿಲ್ಲ.

ಹಂಪೆಯ ಬೇಸಿಗೆಯಲ್ಲಿ ವೈರಿ ಬೇರೆ. ಬಿಸಿಲಿನಲ್ಲಿ ನಿಲ್ಲಿಸಿದ ವಾಹನದೊಳಗೆ ಕ್ಯಾಮೆರಾವನ್ನು ಬಿಡಕೂಡದು. ಕಾವು ಬ್ಯಾಟರಿಯ ಆಯುಷ್ಯವನ್ನು ತಿನ್ನುತ್ತದೆ. ಮಲ್ಪೆಯಂತಹ ಕಡಲತೀರದಲ್ಲಿ ಮರಳುಗಾಳಿ ಬೀಸುವಾಗ ಲೆನ್ಸ್ ಬದಲಿಸಬಾರದು. ಮರಳನ್ನು ಮೊದಲು ಊದುಬುರುಡೆಯಿಂದ ಹಾರಿಸಿ, ಆಮೇಲೆ ಬಟ್ಟೆ ಮುಟ್ಟಿಸಬೇಕು. ಇಲ್ಲವಾದರೆ ಗಾಜು ಗೀಚುತ್ತದೆ. ಹಿಮದ ನಾಡಿಗೆ ಹೋದವರು ಹೆಚ್ಚುವರಿ ಬ್ಯಾಟರಿಯನ್ನು ಒಳಜೇಬಿನಲ್ಲಿ ಬೆಚ್ಚಗಿಡಲಿ. ಚಳಿಯಲ್ಲಿ ಅದು ಬೇಗ ಸೋಲುತ್ತದೆ.

ಇನ್ನು ಕಾನೂನಿನ ಮಾತು. 1872ರ ಭಾರತೀಯ ಕರಾರು ಅಧಿನಿಯಮದ 151ನೆಯ ಕಲಮಿನಂತೆ, ಎರವಲು ಪಡೆದವನು ಆ ವಸ್ತುವನ್ನು ಸಾಮಾನ್ಯ ವಿವೇಕಿಯೊಬ್ಬನು ತನ್ನ ಸ್ವಂತ ವಸ್ತುವನ್ನು ಕಾಪಾಡುವಷ್ಟು ಎಚ್ಚರದಿಂದ ಕಾಪಾಡಬೇಕು. ಅಷ್ಟು ಎಚ್ಚರ ವಹಿಸಿಯೂ ಹಾನಿಯಾದರೆ, ವಿಶೇಷ ಒಪ್ಪಂದವಿಲ್ಲದಿದ್ದಲ್ಲಿ, ಅವನು ಹೊಣೆಯಲ್ಲವೆಂದು 152ನೆಯ ಕಲಮು ಹೇಳುತ್ತದೆ. ಮಳೆಯನ್ನು ದೈವದ ಮೇಲೆ ಹಾಕಬಹುದು. ಮಳೆಗಾಲದಲ್ಲಿ ಆಗುಂಬೆಗೆ ಚೀಲವಿಲ್ಲದೆ ಹೋದುದನ್ನು ಹಾಕಲಾಗದು. ರೈಲಿನಲ್ಲಿ ನಾವೇ ಕೈಯಲ್ಲಿ ಒಯ್ದ ಸಾಮಾನು ಕಳೆದರೆ, ರೈಲ್ವೆಯ ಅಥವಾ ಅದರ ನೌಕರರ ಅಲಕ್ಷ್ಯ ಇಲ್ಲವೇ ದುರ್ನಡತೆ ಸಿದ್ಧವಾಗದ ಹೊರತು ರೈಲ್ವೆ ಹೊಣೆಯಲ್ಲ. ಇದು 1989ರ ರೈಲ್ವೆ ಅಧಿನಿಯಮದ 100ನೆಯ ಕಲಮು.

ಆದುದರಿಂದ ಪೋಷಕರು ಕ್ಯಾಮೆರಾ ಪಡೆಯುವಾಗಲೇ ಮಾಲೀಕರೆದುರು ಅದರ ಸ್ಥಿತಿಯನ್ನು ನೋಡಿ, ಕ್ರಮಸಂಖ್ಯೆಯನ್ನು ಬರೆದುಕೊಳ್ಳುವುದು ಲೇಸು. ಇದು ಅಪನಂಬಿಕೆಯಲ್ಲ. ಬಾಂಧವ್ಯ ಕೆಡದಿರಲೆಂದೇ ಹಿರಿಯರು ಲೆಕ್ಕ ಬರೆದಿಡುತ್ತಿದ್ದರು.