ಪ್ಲಗಿನ್ ಹಾಕಿಕೊಂಡು ಬನ್ನಿ ಎನ್ನುವ ಗ್ರಂಥಾಲಯ ನಮಗೆ ಬೇಡ

ಶಿಕಾರಿಪುರ ತಾಲ್ಲೂಕಿನ ಶಾಸನಗಳು ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ 1902ರಲ್ಲೇ ಅಚ್ಚಾದವು. ಸೊರಬದವು ಎಂಟನೆಯ ಸಂಪುಟದಲ್ಲಿ, 1904ರಲ್ಲಿ. ಅಂಜನಾಪುರದ ವಿದ್ಯಾರ್ಥಿಯೊಬ್ಬ ತನ್ನದೇ ತಾಲ್ಲೂಕಿನ ತಾಳಗುಂದಕ್ಕೆ ಬೈಕಿನಲ್ಲಿ ಹೋಗಿ ಕದಂಬರ ಸ್ತಂಭಶಾಸನವನ್ನು ಕಣ್ಣಾರೆ ನೋಡಿ ಬರಬಹುದು. ಆ ಕಂಬದ ಮೇಲೆ ಏನು ಬರೆದಿದೆ ಎಂದು ಓದಬೇಕಾದರೆ ಮಾತ್ರ ಶಿವಮೊಗ್ಗ, ಮೈಸೂರು, ಬೆಂಗಳೂರು ಎಂದು ಅಲೆಯಬೇಕಿತ್ತು. ಈ ಅಲೆದಾಟ ತಪ್ಪಿಸುತ್ತೇವೆಂದು ಹೊರಟದ್ದೇ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ (ಡಿಎಲ್ಐ). ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರಾಜ್ ರೆಡ್ಡಿ ಅವರ ‘ಮಿಲಿಯನ್ ಬುಕ್ಸ್’ ಯೋಜನೆಯ ಭಾರತೀಯ ಅಂಗ ಅದು. 2003ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಉದ್ಘಾಟಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅದರ ಮುಖ್ಯ ಕೇಂದ್ರಗಳಲ್ಲೊಂದು. ಸಾವಿರಾರು ಕನ್ನಡ ಪುಸ್ತಕಗಳು ಸ್ಕ್ಯಾನರ್ ಕೆಳಗೆ ಹಾದುಹೋದವು.

ಆ ತಾಣ 2017ರಲ್ಲಿ ಹಕ್ಕುಸ್ವಾಮ್ಯದ ತಕರಾರಿನ ನಡುವೆ ಮುಚ್ಚಿತು. ಲೇಖಕರ ಹಕ್ಕು ದೊಡ್ಡದೋ ಓದುಗರ ಹಕ್ಕು ದೊಡ್ಡದೋ ಎಂಬ ವಾಗ್ವಾದ ಅಂದಿನಿಂದ ನಡೆದೇ ಇದೆ. ಈ ಗದ್ದಲದಲ್ಲಿ ಒಂದು ಸತ್ಯ ಮುಚ್ಚಿಹೋಗಿದೆ: ಬೀಗ ಬೀಳುವ ಎಷ್ಟೋ ವರ್ಷ ಮೊದಲೇ ಆ ಗ್ರಂಥಾಲಯ ಸಾಮಾನ್ಯ ಓದುಗನ ಪಾಲಿಗೆ ಮುಚ್ಚಿತ್ತು. ಅದಕ್ಕೆ ಕಾರಣ ಕಾನೂನಲ್ಲ, ಕಡತದ ಬಗೆ.

ಅಲ್ಲಿ ಪುಸ್ತಕ ಎಂದರೆ ಒಂದು ಫೋಲ್ಡರ್. ಅದರೊಳಗೆ ಪುಟಕ್ಕೊಂದರಂತೆ ಟಿಫ್ ಚಿತ್ರಗಳು, ಏಳು ಸೊನ್ನೆಯ ಮುಂದೆ ಒಂದು, ಏಳು ಸೊನ್ನೆಯ ಮುಂದೆ ಎರಡು ಎಂಬ ಹೆಸರಿನವು. ಟಿಫ್ ಚಿತ್ರವನ್ನು ಫೈರ್‌ಫಾಕ್ಸ್, ಕ್ರೋಮ್‌ಗಳು ತಾವಾಗಿ ತೋರಿಸುವುದಿಲ್ಲ. ಹಾಗಾಗಿ ‘ಆಲ್ಟರ್ನಾಟಿಫ್’ನಂಥ ಪ್ಲಗಿನ್ ಅನ್ನು, ಎಂದರೆ ಬ್ರೌಸರಿಗೆ ಜೋಡಿಸುವ ಹೆಚ್ಚುವರಿ ತಂತ್ರಾಂಶವನ್ನು, ಹಾಕಿಕೊಳ್ಳಬೇಕಿತ್ತು. ಹಾಕಿಕೊಂಡವರಿಗೂ ನೆಮ್ಮದಿಯಿರಲಿಲ್ಲ. ಕಂಪ್ಯೂಟರಿನಲ್ಲಿ ಹಾಡು, ವಿಡಿಯೊಗೆಂದು ಆ್ಯಪಲ್‌ನ ಕ್ವಿಕ್‌ಟೈಮ್ ಇದ್ದರೆ, ಅದರ ಪ್ಲಗಿನ್ ಕೂಡ ಟಿಫ್ ತನ್ನದೆಂದು ಹಕ್ಕು ಸಾಧಿಸುತ್ತಿತ್ತು. ಸರ್ವರ್ ಪ್ರತಿ ಕಡತದ ಜೊತೆ ‘ಇದು ಇಂಥ ಬಗೆಯದು’ ಎಂಬ ಚೀಟಿ ಕಳಿಸುತ್ತದೆ. ಆ ಬಗೆ ನನ್ನದು ಎಂದು ನೋಂದಾಯಿಸಿಕೊಂಡ ಪ್ಲಗಿನ್‌ಗೆ ಬ್ರೌಸರ್ ಕಡತವನ್ನು ಒಪ್ಪಿಸಿಬಿಡುತ್ತಿತ್ತು. ಇಬ್ಬರು ನೋಂದಾಯಿಸಿಕೊಂಡಿದ್ದರೆ ಗೆಲ್ಲುವವರು ಯಾರು ಎಂಬುದು ಓದುಗನ ಕೈಯಲ್ಲಿರಲಿಲ್ಲ. ಶಾಸನದ ಪುಟ ಬರಬೇಕಾದ ಕಡೆ ಮೀಡಿಯಾ ಪ್ಲೇಯರಿನ ಖಾಲಿ ಚೌಕ ಬಂದು ಕೂರುತ್ತಿತ್ತು.

ಪರಿಹಾರ ಇತ್ತು. ಕ್ವಿಕ್‌ಟೈಮ್‌ನ ಪ್ರಿಫರೆನ್ಸಸ್ ತೆರೆದು, ಬ್ರೌಸರ್ ಎಂಬ ಟ್ಯಾಬ್‌ಗೆ ಹೋಗಿ, ‘ಮೈಮ್ ಸೆಟ್ಟಿಂಗ್ಸ್’ ಒತ್ತಿ, ಚಿತ್ರಗಳ ಪಟ್ಟಿ ಬಿಡಿಸಿ, ಟಿಫ್ ಎದುರಿನ ಟಿಕ್ ಗುರುತು ತೆಗೆದು, ಬ್ರೌಸರ್ ಮುಚ್ಚಿ ಮತ್ತೆ ತೆರೆಯಬೇಕಿತ್ತು. ಸೈಬರ್ ಸೆಂಟರಿನಲ್ಲಿ ಗಂಟೆಗಿಷ್ಟು ಎಂದು ದುಡ್ಡು ಕೊಟ್ಟು ಕೂತ ಹುಡುಗಿ ಇದನ್ನೆಲ್ಲ ಎಲ್ಲಿಂದ ಕಲಿಯಬೇಕಿತ್ತು? ಅವಳ ಮುಂದಿನ ಯಂತ್ರದಲ್ಲಿ ಸೆಟ್ಟಿಂಗ್ ಬದಲಿಸುವ ಅಧಿಕಾರವೇ ಅವಳಿಗೆ ಇರುತ್ತಿರಲಿಲ್ಲ. ‘ಹೀಗೆ ಮಾಡಿದರೆ ಸರಿಹೋಗುತ್ತದೆ’ ಎಂದು ಬಲ್ಲವರು ಹೇಳುವ ಪ್ರತಿಯೊಂದು ಸಲಹೆಯೂ ತಪ್ಪನ್ನು ಓದುಗನ ತಲೆಗೆ ಕಟ್ಟುತ್ತದೆ. ತಪ್ಪು ಅವನದಲ್ಲ. ಕಡತವನ್ನು ಹಾಗೆ ಕೊಟ್ಟವರದು.

ಉಳಿಸಿಡಲು ಟಿಫ್ ಒಳ್ಳೆಯದು, ಅದರಲ್ಲಿ ಪುಟದ ಸೂಕ್ಷ್ಮ ನಷ್ಟವಾಗುವುದಿಲ್ಲ ಎಂಬ ಸಮರ್ಥನೆ ಬರುತ್ತದೆ. ಒಪ್ಪಿದೆ. ಕಣಜದಲ್ಲಿ ಭತ್ತವನ್ನು ಹೊಟ್ಟು ಸಮೇತ ಇಡುವುದೇ ಸರಿ. ಉಣ್ಣಲು ಕೂತವರ ಎಲೆಗೆ ಭತ್ತ ಸುರಿಯುವುದು ಸರಿಯಲ್ಲ. ಮೂಲಪ್ರತಿ ಟಿಫ್ ಆಗಿರಲಿ, ಓದುಗನಿಗೆ ಕೊಡುವುದು ಪಿಡಿಎಫ್ ಆಗಿರಲಿ ಎಂದು ಮೊದಲ ದಿನವೇ ತೀರ್ಮಾನಿಸಲು ಯಾವ ಅಡ್ಡಿಯೂ ಇರಲಿಲ್ಲ. ಅಮೆರಿಕದ ಪೇಟೆಂಟ್ ಕಚೇರಿಯೂ ಟಿಫ್ ತೋರಿಸಿ ವರ್ಷಾನುಗಟ್ಟಲೆ ಜನರನ್ನು ಪ್ಲಗಿನ್ ಹುಡುಕಲು ಕಳಿಸಿತು. ಶ್ರೀಮಂತ ದೇಶ ಮಾಡಿದ ಮಾತ್ರಕ್ಕೆ ಅದು ನಮಗೆ ಮಾದರಿಯಾಗಬೇಕಿಲ್ಲ.

ಪ್ಲಗಿನ್ ನೆಚ್ಚಿದವರ ಗತಿ ಏನಾಯಿತು ನೋಡಿ. 2015ರಲ್ಲಿ ಕ್ರೋಮ್ ಹಳೆಯ ಪ್ಲಗಿನ್‌ಗಳನ್ನು ಪೂರ್ತಿ ಕಿತ್ತುಹಾಕಿತು. 2017ರಲ್ಲಿ ಫೈರ್‌ಫಾಕ್ಸ್ ಫ್ಲ್ಯಾಶ್ ಒಂದನ್ನು ಬಿಟ್ಟು ಉಳಿದವನ್ನು ಕೈಬಿಟ್ಟಿತು. ವಿಂಡೋಸ್‌ನ ಕ್ವಿಕ್‌ಟೈಮ್ ಅನ್ನು ಅಳಿಸಿಹಾಕಿ ಎಂದು 2016ರಲ್ಲಿ ಅಮೆರಿಕ ಸರ್ಕಾರವೇ ಎಚ್ಚರಿಸಿತು. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಕೂಡ ಮುಗಿಯಿತು. ಕಂಪನಿಯೊಂದರ ಮರ್ಜಿಯ ಮೇಲೆ ನಿಂತ ಬಾಗಿಲು ಆ ಕಂಪನಿ ಕೈ ತೆಗೆದ ದಿನವೇ ಬಿದ್ದುಹೋಗುತ್ತದೆ.

ನಮ್ಮ ಪುಸ್ತಕಗಳನ್ನು ಕಾಪಾಡಿದವರು ಯಾರು? ಡಿಎಲ್ಐ ಪಟ್ಟಿಯಲ್ಲಿ ರೋಮನ್ ಲಿಪಿಯ ಅಡ್ಡಾದಿಡ್ಡಿ ಕಾಗುಣಿತದಲ್ಲಿ ಹೂತುಹೋಗಿದ್ದ ಕನ್ನಡ ಹೆಸರುಗಳನ್ನು ಕನ್ನಡ ಲಿಪಿಗೆ ತಂದು ಹುಡುಕುವಂತೆ ಮಾಡಿದ್ದು ಓಂಶಿವಪ್ರಕಾಶ್ ಮತ್ತು ಗೆಳೆಯರ ‘ಸಂಚಯ’. ನಾಲ್ಕು ಲಕ್ಷಕ್ಕೂ ಹೆಚ್ಚು ಪುಸ್ತಕಗಳನ್ನು ಇಂಟರ್ನೆಟ್ ಆರ್ಕೈವ್‌ಗೆ ಸೇರಿಸಿದ್ದು ಮುಕ್ತ ಮಾಹಿತಿಯ ಕಾರ್ಯಕರ್ತ ಕಾರ್ಲ್ ಮಲಮುದ್. ಅಲ್ಲಿ ಪುಟ ಬ್ರೌಸರಿನಲ್ಲೇ ತೆರೆಯುತ್ತದೆ, ಪಿಡಿಎಫ್ ಇಳಿಸಿಕೊಳ್ಳಬಹುದು, ಏನನ್ನೂ ಹಾಕಿಕೊಳ್ಳಬೇಕಿಲ್ಲ. ಸಾರ್ವಜನಿಕರ ದುಡ್ಡಿನಲ್ಲಿ ಸ್ಕ್ಯಾನ್ ಆದದ್ದನ್ನು ಸಾರ್ವಜನಿಕರಿಗೆ ತಲುಪಿಸಲು ಸ್ವಯಂಸೇವಕರೇ ಬರಬೇಕಾಯಿತು. ಇದು ನಮ್ಮ ಸಂಸ್ಥೆಗಳು ನಾಚಬೇಕಾದ ಸಂಗತಿ.

ಪ್ಲಗಿನ್ ಕಾಲ ಮುಗಿಯಿತಲ್ಲ, ಇನ್ನೇಕೆ ಈ ಮಾತು ಎನ್ನುವವರಿದ್ದಾರೆ. ರೋಗ ಹೋಗಿಲ್ಲ. ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಮಾಡಿದ ಪಿಡಿಎಫ್‌ನಿಂದ ಒಂದು ಸಾಲು ನಕಲಿಸಿ ನೋಡಿ, ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಗುರುತುಗಳು ಬರುತ್ತವೆ. ಕಡತ ತೆರೆಯುತ್ತದೆ, ಒಳಗಿನ ಕನ್ನಡ ಹುಡುಕಾಟಕ್ಕೆ ಸಿಗುವುದಿಲ್ಲ.

ಆದ್ದರಿಂದ ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಪತ್ರಾಗಾರ ಇಲಾಖೆ, ವಿಶ್ವವಿದ್ಯಾಲಯಗಳು ಡಿಜಿಟಲೀಕರಣದ ಟೆಂಡರ್ ಕರೆಯುವಾಗ ಒಂದು ಷರತ್ತು ಬರೆಯಲಿ. ಮೂಲ ಚಿತ್ರ ಯಾವ ಬಗೆಯದಾದರೂ ಇರಲಿ, ಓದುಗನಿಗೆ ಕೊಡುವ ಪ್ರತಿ ಯೂನಿಕೋಡ್ ಪಠ್ಯವಿರುವ, ಯಾವ ಬ್ರೌಸರಿನಲ್ಲೂ ತಾನಾಗಿ ತೆರೆಯುವ ಕಡತವಾಗಿರಬೇಕು. ಗುತ್ತಿಗೆದಾರರ ಬಿಲ್ ಪಾಸಾಗುವ ಮುನ್ನ ಪರೀಕ್ಷೆ ಬೆಂಗಳೂರಿನ ಕಚೇರಿಯಲ್ಲಿ ನಡೆಯಬಾರದು. ಅಂಜನಾಪುರದಂಥ ಹೋಬಳಿಯ ಪಂಚಾಯಿತಿ ಅರಿವು ಕೇಂದ್ರದಲ್ಲಿ, ಅಲ್ಲಿಗೆ ಬಂದ ವಿದ್ಯಾರ್ಥಿಯ ಅಗ್ಗದ ಮೊಬೈಲಿನಲ್ಲಿ ನಡೆಯಲಿ. ಪುಟ ತೆರೆಯದಿದ್ದರೆ ಹಣ ತಡೆಹಿಡಿಯಲಿ.