ಕಿರಾಣಿ ಚೀಟಿಯೂ ಸಂಘದ ಸಭೆಗೆ ಬರಲಿ

ಮುಂಬಯಿ ಮತ್ತು ಉಪನಗರಗಳಲ್ಲಿರುವ ನಮ್ಮ ಕನ್ನಡ ಸಂಘಗಳ ವಾರ್ಷಿಕ ಮಹಾಸಭೆಯಲ್ಲಿ ಚರ್ಚೆಗೆ ಬರುವ ವಿಷಯಗಳು ಹೆಚ್ಚುಕಡಿಮೆ ಒಂದೇ. ವರದಿ ವಾಚನ, ಲೆಕ್ಕಪತ್ರ ಮಂಡನೆ, ನಾಡಹಬ್ಬ, ಯಕ್ಷಗಾನ, ಅರಸಿನ ಕುಂಕುಮ, ಪ್ರತಿಭಾ ಪುರಸ್ಕಾರ, ಕೊನೆಗೆ ಧನ್ಯವಾದ ಸಮರ್ಪಣೆ. ಇವೆಲ್ಲ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಸಭೆ ಮುಗಿದು ಉಪಾಹಾರದ ತಟ್ಟೆ ಕೈಗೆ ಬಂದಾಗ ಸದಸ್ಯರು ತಮ್ಮತಮ್ಮಲ್ಲಿ ಆಡಿಕೊಳ್ಳುವ ಮಾತೇ ಬೇರೆ. ತೊಗರಿ ಬೇಳೆ ಎಷ್ಟಾಯಿತು, ತೆಂಗಿನೆಣ್ಣೆಗೆ ಏನು ಕ್ರಯ, ತಿಂಗಳ ಕೊನೆಗೆ ಕೈಯಲ್ಲಿ ಏನೂ ಉಳಿಯುವುದಿಲ್ಲವಲ್ಲ ಎಂಬ ಮಾತು. ಉಪಾಹಾರದ ಮೇಜಿನ ಬಳಿಯೇ ಉಳಿದುಬಿಡುವ ಈ ಮಾತು ವೇದಿಕೆಗೂ ಬರಬೇಕು ಎಂಬುದು ನಮ್ಮ ಅಭಿಪ್ರಾಯ.

ಮನೆಯ ದಿನಸಿ ಖರ್ಚು ಸಣ್ಣ ವಿಷಯವಲ್ಲ. ಕೇಂದ್ರ ಸರಕಾರ ನಡೆಸಿದ 2023-24ರ ಗೃಹ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ನಗರವಾಸಿಯೊಬ್ಬನ ತಿಂಗಳ ಸರಾಸರಿ ಖರ್ಚು 6,996 ರೂ. ಅದರಲ್ಲಿ ಶೇ. 40ರಷ್ಟು ಆಹಾರಕ್ಕೇ ಹೋಗುತ್ತದೆ. ಈ ಆಹಾರದ ಖರ್ಚಿನಲ್ಲಿ ಅತಿ ದೊಡ್ಡ ಪಾಲು ಅಕ್ಕಿಯದೂ ಅಲ್ಲ, ಬೇಳೆಯದೂ ಅಲ್ಲ. ಪಾನೀಯ, ತಿಂಡಿ ಮತ್ತು ಸಂಸ್ಕರಿತ ಆಹಾರಗಳದು. ಒಟ್ಟು ಮನೆಖರ್ಚಿನ ಸುಮಾರು ಶೇ. 11. ಅಕ್ಕಿಯಲ್ಲಿ ಎರಡು ರೂಪಾಯಿ ಉಳಿಸಲು ನಾಲ್ಕು ಅಂಗಡಿ ಸುತ್ತುವ ನಾವು ಪೊಟ್ಟಣದ ತಿಂಡಿಯ ಮುಂದೆ ಲೆಕ್ಕ ಮರೆಯುತ್ತೇವೆ ಎಂದೇ ಇದರ ಅರ್ಥ. ಐವತ್ತು ಗ್ರಾಂ ಕುರುಕಲು ತಿಂಡಿಗೆ 20 ರೂ. ಕೊಟ್ಟರೆ ಅದು ಕಿಲೋಗೆ 400 ರೂ. ಆಯಿತು. ಅಷ್ಟು ಬೆಲೆಯ ಬೇಳೆಯನ್ನು ನಮ್ಮಲ್ಲಿ ಯಾರೂ ಕೊಳ್ಳುವುದಿಲ್ಲ.

ಬ್ಯಾಂಕಿನ ಕೌಂಟರಿನಲ್ಲಿ ಪಾಸ್‌ಬುಕ್ ಪ್ರಿಂಟ್ ಮಾಡುವವರಿಗೆ ಇನ್ನೊಂದು ಬದಲಾವಣೆ ಚೆನ್ನಾಗಿ ಗೊತ್ತು. ಹಿಂದೆ ಮಧ್ಯಮ ವರ್ಗದ ಖಾತೆದಾರ ತಿಂಗಳಿಗೆ ಎರಡು ಮೂರು ಬಾರಿ ಹಣ ತೆಗೆಯುತ್ತಿದ್ದ. ಅಷ್ಟರಲ್ಲಿ ಮನೆ ನಡೆಯಬೇಕು ಎಂಬ ಅಂಕೆ ಇತ್ತು. 2016ರಲ್ಲಿ ಯುಪಿಐ ಬಂದ ನಂತರ 35 ರೂ., 60 ರೂ., 110 ರೂ. ಎಂದು ಪುಟಗಟ್ಟಲೆ ನಮೂದುಗಳು. ಅನುಕೂಲ ದೊಡ್ಡದೇ, ಅಲ್ಲಗಳೆಯುವಂತಿಲ್ಲ. ಆದರೆ ಕೈಯಿಂದ ನೋಟು ಹೋದಾಗ ಆಗುವ ಅರಿವು ಮೊಬೈಲ್ ಒತ್ತಿದಾಗ ಆಗುವುದಿಲ್ಲ. ಇದಕ್ಕೆ ಕೆಲವೇ ನಿಮಿಷಗಳಲ್ಲಿ ಬಾಗಿಲಿಗೆ ಸಾಮಾನು ತಂದುಕೊಡುವ ವ್ಯವಸ್ಥೆಯೂ ಸೇರಿದೆ. ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೆ ತೆರೆದ ಆ್ಯಪ್‌ನಲ್ಲಿ ಕನಿಷ್ಠ ಮೊತ್ತ ತುಂಬಿಸಲು ಇನ್ನೂ ನಾಲ್ಕು ಸಾಮಾನು ಸೇರುತ್ತವೆ. ಬಿಲ್ಲಿನ ಕೆಳಗೆ ವಿತರಣಾ ಶುಲ್ಕ, ನಿರ್ವಹಣಾ ಶುಲ್ಕ ಎಂಬ ಸಾಲುಗಳು ಬೇರೆ. ಮನೆಯಲ್ಲಿ ಚೀಟಿ ಬರೆದು, ತಿಂಗಳಿಗೆ ಎರಡು ಬಾರಿ ಮಾತ್ರ ಸಾಮಾನು ತರುವ ಹಳೆಯ ಪದ್ಧತಿಗೆ ಮರಳಿದರೆ ಮೊದಲ ಉಳಿತಾಯ ಅಲ್ಲೇ ಆಗುತ್ತದೆ.

ಎರಡನೆಯದು ಪೊಟ್ಟಣ ಓದುವ ಅಭ್ಯಾಸ. ಚಹಾ, ಕಾಫಿ, ಬಿಸ್ಕತ್ತು, ಅಡುಗೆ ಎಣ್ಣೆ, ಹಿಟ್ಟು ಮುಂತಾದ ಕೆಲವು ವಸ್ತುಗಳನ್ನು ಇಂತಿಷ್ಟೇ ತೂಕದಲ್ಲಿ ಪ್ಯಾಕ್ ಮಾಡಬೇಕು ಎಂಬ ನಿಯಮ ಹಿಂದೆ ಇತ್ತು. ಪೊಟ್ಟಣ ಸಾಮಗ್ರಿಗಳ ನಿಯಮಗಳಿಗೆ 2021ರಲ್ಲಿ ತಂದ ತಿದ್ದುಪಡಿ ಆ ಪಟ್ಟಿಯನ್ನು ತೆಗೆದುಹಾಕಿತು. ಹಾಗಾಗಿ ಬೆಲೆ ಅಷ್ಟೇ ಇಟ್ಟು ತೂಕ ಇಳಿಸುವುದು ಕಂಪೆನಿಗಳಿಗೆ ಸುಲಭವಾಗಿದೆ. ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಪಕ್ಕದಲ್ಲಿಟ್ಟ ಇನ್ನೊಂದು ಪೊಟ್ಟಣ ನೋಡಲು ಅಷ್ಟೇ ದೊಡ್ಡದಾಗಿದ್ದರೂ 850 ಗ್ರಾಂ ಎಂದಿದ್ದರೆ ಅದು ಲೀಟರ್ ಅಲ್ಲ. ಇದಕ್ಕೆ ಮದ್ದನ್ನೂ ಅದೇ ತಿದ್ದುಪಡಿ ಕೊಟ್ಟಿದೆ. ಪೊಟ್ಟಣದ ಮೇಲೆ ಗರಿಷ್ಠ ಮಾರಾಟ ಬೆಲೆಯ ಜತೆಗೆ ಗ್ರಾಂಗೆ ಅಥವಾ ಕಿಲೋಗೆ ಬೆಲೆ ಎಷ್ಟು ಎಂದೂ ಮುದ್ರಿಸಬೇಕು. ಒಂದು ಕಿಲೋಗಿಂತ ಕಡಿಮೆಯಿದ್ದರೆ ಗ್ರಾಂ ಲೆಕ್ಕ, ಹೆಚ್ಚಿದ್ದರೆ ಕಿಲೋ ಲೆಕ್ಕ. ಅಕ್ಷರ ಸಣ್ಣದು, ಕನ್ನಡಕ ಬೇಕಾದೀತು. ಆದರೂ ಎರಡು ಬ್ರಾಂಡ್‌ಗಳನ್ನು ತೂಗಿ ನೋಡಲು ಇದಕ್ಕಿಂತ ಸರಿಯಾದ ತಕ್ಕಡಿ ಇಲ್ಲ. ದೊಡ್ಡ ಪ್ಯಾಕ್ ಯಾವಾಗಲೂ ಅಗ್ಗ ಎಂಬ ನಂಬಿಕೆ ಕೆಲವೊಮ್ಮೆ ಇಲ್ಲಿಯೇ ಸುಳ್ಳಾಗುತ್ತದೆ. ಎಂ.ಆರ್.ಪಿ. ಎಂಬುದು ತೆರಿಗೆ ಸೇರಿದ ಗರಿಷ್ಠ ಬೆಲೆ. ಅದಕ್ಕಿಂತ ಕಡಿಮೆಗೆ ಕೊಡಿ ಎಂದು ಕೇಳುವ ಹಕ್ಕು ನಮಗಿದೆ. ಅದಕ್ಕಿಂತ ಹೆಚ್ಚು ಕೇಳಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಮೂರನೆಯದು ತೆರಿಗೆಯ ಲೆಕ್ಕ. 2022ರ ಜುಲೈ 18ರಿಂದ, ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ, 25 ಕಿಲೋವರೆಗಿನ ಅಕ್ಕಿ, ಗೋಧಿ, ಬೇಳೆ, ಹಿಟ್ಟುಗಳಿಗೆ ಶೇ. 5 ಜಿಎಸ್‌ಟಿ ಇದೆ. ಅದೇ ಬೇಳೆಯನ್ನು ಅಂಗಡಿಯವರು ಚೀಲದಿಂದ ಬಿಡಿಯಾಗಿ ತೂಗಿ ಕೊಟ್ಟರೆ ಈ ತೆರಿಗೆ ಇಲ್ಲ. 25 ಕಿಲೋಗಿಂತ ದೊಡ್ಡದಾದ ಒಂದೇ ಚೀಲಕ್ಕೂ ಇಲ್ಲ. ಮಾರುಕಟ್ಟೆಯಲ್ಲಿ 26 ಕಿಲೋ ಅಕ್ಕಿಯ ಚೀಲಗಳು ಕಾಣಿಸಿಕೊಂಡದ್ದು ಇದೇ ಕಾರಣಕ್ಕೆ. 2025ರ ಸೆಪ್ಟೆಂಬರ್ 22ರಿಂದ ತುಪ್ಪ, ಬೆಣ್ಣೆ, ಬಿಸ್ಕತ್ತು, ಸಾಬೂನು, ಟೂತ್‌ಪೇಸ್ಟ್, ತಲೆಗೆ ಹಚ್ಚುವ ಎಣ್ಣೆ ಮೊದಲಾದವುಗಳ ತೆರಿಗೆ ಶೇ. 5ಕ್ಕೆ ಇಳಿಯಿತು. ಪ್ಯಾಕ್ ಮಾಡಿದ ಅಕ್ಕಿ ಬೇಳೆಯ ಶೇ. 5 ಮಾತ್ರ ಹಾಗೆಯೇ ಉಳಿಯಿತು. ನೂರು ರೂಪಾಯಿಗೆ ಐದು ರೂಪಾಯಿ ಎಂದರೆ ಒಂದು ಮನೆಗೆ ಅಲ್ಪವೆನಿಸಬಹುದು. ವರ್ಷದ ಬೇಳೆಕಾಳುಗಳ ಮೊತ್ತ ಕೂಡಿದಾಗ ಅದು ಅಲ್ಪವಲ್ಲ.

ನಾಲ್ಕನೆಯದು ಸುಗ್ಗಿ ನೋಡಿ ಕೊಳ್ಳುವುದು. ನಮ್ಮ ಹಿರಿಯರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಕರಾವಳಿಯಲ್ಲಿ ಆಟಿಯ ಮಳೆಗಾಲಕ್ಕೆಂದು ಬೇಸಗೆಯಲ್ಲೇ ಹಪ್ಪಳ, ಉಪ್ಪುಸೊಳೆ, ಸಾಂತಾಣಿ ಸಿದ್ಧವಾಗುತ್ತಿದ್ದವು. ಉತ್ತರ ಕರ್ನಾಟಕದಲ್ಲಿ ಜೋಳವನ್ನು ಹಗೇವಿನಲ್ಲಿ ಇಳಿಸಿ ಕಾಪಾಡುತ್ತಿದ್ದರು. ಇಂದು ನಾವು 'ಆಟಿಡೊಂಜಿ ದಿನ'ವನ್ನು ಸಭಾಗೃಹದಲ್ಲಿ ಸಂಭ್ರಮದಿಂದ ಆಚರಿಸುತ್ತೇವೆ. ಆಟಿಯ ಹಿಂದಿದ್ದ ಮುಂದಾಲೋಚನೆಯನ್ನು ಮಾತ್ರ ಊರಿನಲ್ಲೇ ಬಿಟ್ಟು ಬಂದಿದ್ದೇವೆ. ಹೊಸ ತೊಗರಿ ಮಾರುಕಟ್ಟೆಗೆ ಬರುವುದು ಡಿಸೆಂಬರ್‌ನಿಂದ ಫೆಬ್ರವರಿಯ ಒಳಗೆ. ಬ್ಯಾಡಗಿ ಮೆಣಸಿನ ಆವಕ ಹೆಚ್ಚುವುದು ವರ್ಷದ ಮೊದಲ ತಿಂಗಳುಗಳಲ್ಲಿ. ಹುಣಸೆ ಫೆಬ್ರವರಿ, ಮಾರ್ಚ್‌ನಲ್ಲಿ, ಗೋಧಿ ಏಪ್ರಿಲ್‌ನಲ್ಲಿ. ಮುಂಬಯಿಯ ಅನೇಕ ಮರಾಠಿ ಮನೆಗಳವರು ಬೇಸಗೆಯಲ್ಲಿ ಲಾಲ್‌ಬಾಗ್‌ನ ಮೆಣಸಿನ ಗಲ್ಲಿಗೆ ಹೋಗಿ ವರ್ಷದ ಮಸಾಲೆ ಮಾಡಿಸಿಕೊಳ್ಳುವುದನ್ನು ನಾವು ನೋಡಿಯೇ ಇದ್ದೇವೆ. ಆದರೆ ಒಂದು ಎಚ್ಚರಿಕೆ ಅಗತ್ಯ. ಈ ನಗರದ ಮಳೆಗಾಲದ ತೇವದಲ್ಲಿ ಬೇಳೆಗೆ ಹುಳ ಹಿಡಿಯಲು ಹೆಚ್ಚು ದಿನ ಬೇಡ. ಬಿಸಿಲಿಗೆ ಹಾಕಿ, ಹರಳೆಣ್ಣೆ ಸವರಿ, ಗಾಳಿಯಾಡದ ಡಬ್ಬಿಯಲ್ಲಿ ಇಡಲು ಸಾಧ್ಯವಿದ್ದಷ್ಟು ಮಾತ್ರ ಕೊಳ್ಳಬೇಕು. ಹಾಳಾಗಿ ಎಸೆದ ಒಂದು ಕಿಲೋ ಬೇಳೆ ಹತ್ತು ಕಿಲೋದ ಉಳಿತಾಯವನ್ನು ನುಂಗಿಬಿಡುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಒಂದೊಂದು ಮನೆ ತಾನೇ ಮಾಡಬಹುದಾದ ಕೆಲಸ. ಆದರೆ ಒಂದು ಮನೆಗೆ ಮಿತಿ ಇದೆ. ಇಬ್ಬರೇ ಇರುವ ನಿವೃತ್ತ ದಂಪತಿಗೆ 50 ಕಿಲೋ ಅಕ್ಕಿ ಏಕೆ? ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಗೋಣಿಚೀಲ ಎಲ್ಲಿ ಇಡುವುದು? ವಾಶಿಯ ಸಗಟು ಮಾರುಕಟ್ಟೆಗೆ ಹೋಗಿ ಐದು ಕಿಲೋ ಬೇಳೆ ತಂದರೆ ಟೆಂಪೋ ಬಾಡಿಗೆಯೂ ಹುಟ್ಟುವುದಿಲ್ಲ. ಮೂವತ್ತು ಮನೆಗಳು ಕೂಡಿದರೆ ಮಾತ್ರ ಈ ಲೆಕ್ಕ ತಿರುಗುತ್ತದೆ. ಸಂಘದ ಅಗತ್ಯ ಬರುವುದು ಇಲ್ಲಿಯೇ.

ಇದು ಹೊಸ ವಿಚಾರವೂ ಅಲ್ಲ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 28 ಮಂದಿ ಕಾರ್ಮಿಕರು ತಲಾ ಒಂದು ಪೌಂಡ್ ಕೂಡಿಸಿ ಹಿಟ್ಟು, ಬೆಣ್ಣೆ, ಸಕ್ಕರೆ ಇಟ್ಟು ಅಂಗಡಿ ತೆರೆದರು. ಕಲಬೆರಕೆ ಇಲ್ಲ, ತೂಕದಲ್ಲಿ ಮೋಸವಿಲ್ಲ, ಸಾಲವಿಲ್ಲ ಎಂಬುದು ಅವರ ಕಟ್ಟುಪಾಡು. ನಮ್ಮ ನಾಡಿನಲ್ಲೇ 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಮುಂಬಯಿಯಲ್ಲಿ 1948ರಲ್ಲಿ ನಾಯಗಾಂವ್‌ನ ಕಾರ್ಮಿಕರ ನಡುವೆ ಅಪ್ನಾ ಬಜಾರ್ ಶುರುವಾಯಿತು. 1975ರಲ್ಲಿ ಸ್ಥಾಪನೆಯಾದ ಮುಂಬಯಿ ಗ್ರಾಹಕ್ ಪಂಚಾಯತ್ ನೆರೆಹೊರೆಯ ಮನೆಗಳನ್ನು ಸಣ್ಣ ಸಣ್ಣ ಗುಂಪುಗಳಾಗಿ ಸೇರಿಸಿ, ತಿಂಗಳ ಬೇಡಿಕೆ ಪಟ್ಟಿ ಪಡೆದು, ಒಟ್ಟಾಗಿ ಕೊಂಡು ಹಂಚುವ ಪದ್ಧತಿಯನ್ನು ಬೆಳೆಸಿತು. ಮುಂಬಯಿಯ ಬಿಲ್ಲವರು 1978ರಲ್ಲಿ ಭಾರತ್ ಬ್ಯಾಂಕ್ ಕಟ್ಟಿ ನಿಲ್ಲಿಸಿದ್ದು ನಮ್ಮ ಕಣ್ಣ ಮುಂದಿನ ಇತಿಹಾಸ. ಬ್ಯಾಂಕನ್ನೇ ಕಟ್ಟಿದ ಜನರಿಗೆ ಆರು ಚೀಲ ಅಕ್ಕಿ ಹಂಚಿಕೊಳ್ಳುವುದು ಕಷ್ಟವೇ?

ಉದಾಹರಣೆಗೆ ಒಂದು ಲೆಕ್ಕ ನೋಡೋಣ. ಮನೆಯೊಂದಕ್ಕೆ ತಿಂಗಳಿಗೆ ಹತ್ತು ಕಿಲೋ ಅಕ್ಕಿ, ಆರು ಕಿಲೋ ಬೇಳೆಕಾಳು, ನಾಲ್ಕು ಲೀಟರ್ ಎಣ್ಣೆ ಬೇಕು ಎಂದಿಟ್ಟುಕೊಳ್ಳಿ. ಒಟ್ಟು ಖರೀದಿಯಿಂದ ಅಕ್ಕಿಯಲ್ಲಿ ಕಿಲೋಗೆ 5 ರೂ., ಬೇಳೆಯಲ್ಲಿ 20 ರೂ., ಎಣ್ಣೆಯಲ್ಲಿ ಲೀಟರಿಗೆ 10 ರೂ. ಉಳಿದರೆ 50, 120, 40 ಸೇರಿ 210 ರೂ. ಆಯಿತು. ಮೆಣಸು, ಕೊತ್ತಂಬರಿ, ಬೆಲ್ಲ, ಸಕ್ಕರೆಯಲ್ಲಿ ಇನ್ನೊಂದು 90 ರೂ. ಹಿಡಿದರೆ ತಿಂಗಳಿಗೆ 300 ರೂ., ವರ್ಷಕ್ಕೆ 3,600 ರೂ. ಮೂವತ್ತು ಮನೆಗಳಿಗೆ 1,08,000 ರೂ. ಇಷ್ಟು ದೇಣಿಗೆ ಸಂಗ್ರಹಿಸಬೇಕಾದರೆ ಪದಾಧಿಕಾರಿಗಳು ಎಷ್ಟು ಮನೆಯ ಮೆಟ್ಟಿಲು ಹತ್ತಬೇಕು ಎಂಬುದು ಅವರಿಗೇ ಗೊತ್ತು.

ಇದಕ್ಕೆ ಬರುವ ಆಕ್ಷೇಪಗಳನ್ನೂ ಕೇಳಬೇಕು. ಸಂಘದಲ್ಲಿ ಹಣದ ವ್ಯವಹಾರ ಬೇಡ, ಜಗಳ ಬರುತ್ತದೆ ಎಂಬುದು ಮೊದಲನೆಯದು. ಜಗಳ ಬರುವುದು ಹಣದಿಂದಲ್ಲ, ಬರೆಯದೆ ಇಟ್ಟ ಲೆಕ್ಕದಿಂದ. ಹಾಗಾಗಿ ಮೊದಲೇ ಕೆಲವು ನಿಯಮ ಮಾಡಿಕೊಳ್ಳಬೇಕು. ಹಣ ಮುಂಗಡ, ಯಾರಿಗೂ ಉದರಿ ಇಲ್ಲ, ಅಧ್ಯಕ್ಷರಿಗೂ ಇಲ್ಲ. ಖರೀದಿಗೆ ಹೋಗುವವರು ಇಬ್ಬರು, ಲೆಕ್ಕ ಬರೆಯುವವರು ಮೂರನೆಯವರು. ಸಗಟು ಅಂಗಡಿಯ ಬಿಲ್ಲಿನ ಪ್ರತಿ ನೋಟಿಸ್ ಬೋರ್ಡಿನಲ್ಲಿ ಇರಬೇಕು. ಸಂಘ ಲಾಭ ಇಟ್ಟುಕೊಳ್ಳಬಾರದು, ಟೆಂಪೋ ಬಾಡಿಗೆಯನ್ನು ಮಾತ್ರ ಹಂಚಬೇಕು. ಮುಖ್ಯವಾಗಿ, ಇದು ಸದಸ್ಯರು ಕೂಡಿ ಕೊಂಡು ಹಂಚಿಕೊಳ್ಳುವ ಏರ್ಪಾಡು, ಅಂಗಡಿಯಲ್ಲ. ಹೊರಗಿನವರಿಗೆ ಮಾರಲು ತೊಡಗಿದರೆ ಆಹಾರ ಪರವಾನಗಿ, ತೆರಿಗೆ ಎಂದು ಬೇರೆಯೇ ಜವಾಬ್ದಾರಿಗಳು ಬರುತ್ತವೆ.

ಗಲ್ಲಿಯ ಕಿರಾಣಿ ಅಂಗಡಿಯವನ ಹೊಟ್ಟೆಗೆ ಹೊಡೆದಂತಾಗುವುದಿಲ್ಲವೇ ಎಂಬುದು ಎರಡನೆಯ ಪ್ರಶ್ನೆ. ನ್ಯಾಯವಾದ ಪ್ರಶ್ನೆ. ಸಂಬಳ ತಡವಾದ ತಿಂಗಳಲ್ಲಿ ಪುಸ್ತಕದಲ್ಲಿ ಬರೆದುಕೊಂಡು ಅಕ್ಕಿ ಕೊಟ್ಟವನು ಅವನೇ, ಆ್ಯಪ್ ಅಲ್ಲ. ಆದ್ದರಿಂದ ವಾಶಿಗೆ ಓಡುವ ಮೊದಲು ಅವನನ್ನೇ ಕೇಳೋಣ. ಮೂವತ್ತು ಮನೆಯ ಬೇಡಿಕೆ ಒಟ್ಟಿಗೆ, ಹಣ ಮುಂಗಡ ಎಂದರೆ ಅವನೂ ಬೆಲೆ ಇಳಿಸಬಹುದು. ಅವನ ವ್ಯಾಪಾರವೂ ಉಳಿಯುತ್ತದೆ, ನಮ್ಮ ಸಾಗಣೆಯ ತಲೆನೋವೂ ತಪ್ಪುತ್ತದೆ.

ಮೂರನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೆಲಸವೆಲ್ಲ ಮಹಿಳಾ ವಿಭಾಗದ ಮೇಲೆ ಬೀಳುತ್ತದೆ. ಹೆಸರು ಮಾತ್ರ ಬೇರೆಯವರಿಗೆ. ಬೆಲೆ, ಗುಣಮಟ್ಟ, ತೂಕ ಇವುಗಳ ಅನುಭವ ಮಹಿಳೆಯರಿಗೇ ಹೆಚ್ಚು. ಆದ್ದರಿಂದ ಯಾವುದನ್ನು, ಎಲ್ಲಿ, ಎಷ್ಟಕ್ಕೆ ಕೊಳ್ಳಬೇಕು ಎಂಬ ತೀರ್ಮಾನ ಅವರದಾಗಲಿ. ಚೀಲ ಇಳಿಸುವುದು, ತೂಗುವುದು, ಮಹಡಿ ಏರಿಸುವುದು ಯುವ ವಿಭಾಗದವರಿಗೂ ಗಂಡಸರಿಗೂ ಇರಲಿ.

ಇದರಿಂದ ಹೆಚ್ಚು ಪ್ರಯೋಜನವಾಗುವುದು ಯಾರಿಗೆ ಎಂಬುದನ್ನು ಮರೆಯಬಾರದು. ಬಡ್ಡಿಯ ಹಣದಲ್ಲೇ ದಿನ ದೂಡುವ ನಿವೃತ್ತರು, ಪಿಂಚಣಿ ಇಲ್ಲದ ಖಾಸಗಿ ನೌಕರರು, ಹೋಟೆಲು ಕೆಲಸದಲ್ಲಿದ್ದು ಮನೆ ಮಾಡಿಕೊಂಡ ತರುಣರು, ಒಬ್ಬರೇ ದುಡಿದು ಮಕ್ಕಳನ್ನು ಓದಿಸುವ ತಾಯಂದಿರು. ಇವರಲ್ಲಿ ಹಲವರು ಸಂಘದ ಸಹಾಯಧನಕ್ಕೆ ಅರ್ಜಿ ಹಾಕಲು ಸಂಕೋಚಪಡುತ್ತಾರೆ. ಸಾಲಿನಲ್ಲಿ ಎಲ್ಲರ ಜತೆ ನಿಂತು ತನ್ನ ಹಣಕ್ಕೆ ತನ್ನ ಪಾಲಿನ ಅಕ್ಕಿ ಒಯ್ಯಲು ಯಾರಿಗೂ ಸಂಕೋಚವಿರುವುದಿಲ್ಲ. ಸಹಾಯ ಮಾಡಿದ್ದು ಗೊತ್ತಾಗದಂತೆ ಸಹಾಯ ಮಾಡುವ ದಾರಿ ಇದು.

ಇದಕ್ಕೆ ದೊಡ್ಡ ಸಮಾರಂಭ, ಉದ್ಘಾಟನೆ, ದೀಪ ಪ್ರಜ್ವಲನೆ ಯಾವುದೂ ಬೇಡ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಒಂದು ಠರಾವು ಸಾಕು. ಇಷ್ಟವಿದ್ದ ಹತ್ತು ಹದಿನೈದು ಮನೆಗಳಿಂದ ಆರಂಭಿಸಿ, ಮೊದಲ ಮೂರು ತಿಂಗಳು ಅಕ್ಕಿ, ತೊಗರಿ ಬೇಳೆ, ಎಣ್ಣೆ ಈ ಮೂರೇ ಸಾಮಾನು ತರಿಸಿ ನೋಡಲಿ. ಮೂರು ತಿಂಗಳ ನಂತರ ಲೆಕ್ಕ ಮಂಡಿಸಿ, ಉಳಿತಾಯ ಕಂಡರೆ ಮುಂದುವರಿಸಲಿ, ಕಾಣದಿದ್ದರೆ ನಿಲ್ಲಿಸಲಿ. ಯಾವ ಸಂಘ ಮೊದಲ ಹೆಜ್ಜೆ ಇಡುತ್ತದೆಯೋ ಅದರ ಲೆಕ್ಕಪತ್ರ ಉಳಿದ ಸಂಘಗಳಿಗೆ ಮಾದರಿಯಾದೀತು.