ಹಿತ್ತಲ ಗಿಡವೂ ಮದ್ದೂ

‘ಹಿತ್ತಲ ಗಿಡ ಮದ್ದಲ್ಲ’ ಎಂಬುದು ನಮ್ಮ ಹಿರಿಯರ ಗಾದೆ. ಕೈಗೆ ಎಟಕುವ ವಸ್ತುವಿನ ಬೆಲೆಯನ್ನು ಜನ ಅರಿಯರೆಂಬುದು ಅದರ ಇಂಗಿತ. ಆದರೆ ನಾನು ವಾಸಿಸುವ ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ಈ ಗಾದೆ ತಿರುವುಮುರುವಾಗಿದೆ. ಇಲ್ಲಿನ ಎಷ್ಟೋ ಮನೆಗಳ ಅಂಗಳದಲ್ಲಿ ‘ಇನ್ಸುಲಿನ್ ಗಿಡ’ ಬೆಳೆದು ನಿಂತಿದೆ. ಮುಂಜಾನೆಯ ತಿರುಗಾಟದಲ್ಲಿ ನಾವು ನಿವೃತ್ತರು ಕಲೆತರೆ ಸಕ್ಕರೆ ಕಾಯಿಲೆಯದೇ ಮಾತು. ಒಬ್ಬರದು ಹಾಗಲಕಾಯಿಯ ರಸ, ಇನ್ನೊಬ್ಬರದು ನೆನೆಸಿದ ಮೆಂತ್ಯ, ಮತ್ತೊಬ್ಬರದು ನೇರಳೆ ಬೀಜದ ಪುಡಿ. ಇಷ್ಟೆಲ್ಲ ಚರ್ಚಿಸಿ ಮರಳುವಾಗ ಬೆಣ್ಣೆದೋಸೆಯ ಅಂಗಡಿಯ ಮುಂದೆ ಕಾಲುಗಳು ತಾವಾಗಿ ನಿಲ್ಲುವುದೂ ಉಂಟು!

ಇದನ್ನು ಅಜ್ಞಾನವೆಂದು ನಕ್ಕುಬಿಡುವುದು ಸುಲಭ. ಆದರೆ ಅದು ನ್ಯಾಯವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ. ಬದುಕಿರುವವರೆಗೂ ಮಾತ್ರೆ ನುಂಗಬೇಕೆಂಬ ಬೇಸರ, ಸೂಜಿಯ ಭಯ, ಔಷಧದ ಖರ್ಚು ಇವೆಲ್ಲವೂ ರೋಗಿಯನ್ನು ಬೇರೆ ದಾರಿಗಳತ್ತ ಸೆಳೆಯುತ್ತವೆ. ವೈದ್ಯರಿಗೆ ಕೇಳಲು ಸಮಯವಿಲ್ಲದಾಗ ನೆರೆಯವರ ಮಾತೇ ಸಾಂತ್ವನವಾಗುತ್ತದೆ.

ನಮ್ಮ ಪ್ರಾಚೀನರ ಜ್ಞಾನವೂ ಸಾಮಾನ್ಯವಾದುದಲ್ಲ. ರೋಗಿಯ ಮೂತ್ರಕ್ಕೆ ಇರುವೆಗಳು ಮುತ್ತುವುದನ್ನು ಚರಕನು ಗಮನಿಸಿದ್ದನು. ಈ ರೋಗ ಸ್ಥೂಲರಿಗೂ ಕೃಶರಿಗೂ ಬರುವುದೆಂದು ಆತ ವಿಂಗಡಿಸಿದನು. ಸುಶ್ರುತನು ಬಾವಿ ತೋಡುವಂತೆಯೂ ನೂರು ಯೋಜನ ನಡೆಯುವಂತೆಯೂ ವಿಧಿಸಿದನು. ವ್ಯಾಯಾಮ ಬೇಕೆಂದು ಇಂದಿನ ವೈದ್ಯರೂ ಹೇಳುತ್ತಾರೆ. ಆದರೆ ಸುಶ್ರುತನು ಪಾದರಕ್ಷೆಯಿಲ್ಲದೆ ನಡೆಯಬೇಕೆಂದನು. ಇಂದಿನ ವೈದ್ಯರು ಬರಿಗಾಲಲ್ಲಿ ನಡೆಯಲೇಬಾರದೆನ್ನುತ್ತಾರೆ. ಏಕೆಂದರೆ ಬಹುಕಾಲದ ಮಧುಮೇಹದಿಂದ ಪಾದದ ಸಂವೇದನೆ ಕುಂದುತ್ತದೆ; ಗಾಯವಾದರೂ ನೋವು ತಿಳಿಯದು. ಹಳೆಯದೆಂದು ಎಲ್ಲವನ್ನೂ ಒಪ್ಪಲಾಗದು, ಹಳೆಯದೆಂದು ಎಲ್ಲವನ್ನೂ ತಳ್ಳಲೂ ಆಗದು. ಪರೀಕ್ಷಿಸಿ ಆರಿಸಿಕೊಳ್ಳುವುದೇ ವಿವೇಕ.

ಗಿಡಕ್ಕೂ ವಿಜ್ಞಾನಕ್ಕೂ ಹಗೆತನವಿಲ್ಲ. ಇಂದು ಮಧುಮೇಹಿಗಳು ಬಹುವಾಗಿ ಸೇವಿಸುವ ಮೆಟ್‌ಫಾರ್ಮಿನ್ ಮಾತ್ರೆಯ ಮೂಲದಲ್ಲಿ ಯೂರೋಪಿನ ಗೆಲಿಗಾ ಎಂಬ ಗಿಡವಿದೆ. ಆ ಗಿಡದ ಸತ್ತ್ವ ಸಕ್ಕರೆಯನ್ನು ತಗ್ಗಿಸಿದರೂ ವಿಷಕಾರಿಯಾಗಿತ್ತು. ಅದಕ್ಕೆ ಸಂಬಂಧಿಸಿದ ಸುರಕ್ಷಿತ ರೂಪವನ್ನು ರಸಾಯನತಜ್ಞರು ಸಿದ್ಧಪಡಿಸಿದರು. ಫ್ರಾನ್ಸಿನ ವೈದ್ಯ ಝಾನ್ ಸ್ಟರ್ನ್ ಅದನ್ನು ರೋಗಿಗಳಿಗೆ ಕೊಟ್ಟು ಪರೀಕ್ಷಿಸಿ, 1957ರಲ್ಲಿ ಫಲಿತಾಂಶವನ್ನು ಪ್ರಕಟಿಸಿದನು. ಗಿಡ ಮದ್ದಾಗುವುದು ಹೀಗೆ: ಎಷ್ಟು, ಯಾರಿಗೆ, ಯಾವ ಅಪಾಯದೊಡನೆ ಎಂಬ ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆ.

ಈ ಮಾತನ್ನು ನಾನು ಪುಸ್ತಕದಿಂದ ಮಾತ್ರ ಕಲಿತವನಲ್ಲ. ಹದಿನೈದು ವರ್ಷಗಳ ಮಧುಮೇಹಿಯಾದ ನಾನು ಒಮ್ಮೆ ಪರಿಚಿತರೊಬ್ಬರ ಮಾತು ನಂಬಿ, ಮಾತ್ರೆ ಬಿಟ್ಟು ಕಷಾಯ ಹಿಡಿದೆ. ನಾಲ್ಕು ತಿಂಗಳು ರಕ್ತಪರೀಕ್ಷೆಯನ್ನೂ ಮಾಡಿಸಲಿಲ್ಲ. ದೇವಸ್ಥಾನದ ಹಾದಿಯಲ್ಲಿ ಬರಿಗಾಲಿಗೆ ಮುಳ್ಳು ಚುಚ್ಚಿದ್ದು ನನಗೆ ತಿಳಿಯಲೇ ಇಲ್ಲ. ಗಾಯ ಕೀವುಗಟ್ಟಿದಾಗ ಆಸ್ಪತ್ರೆಗೆ ಹೋದೆ.

“ಬೇರೆ ಔಷಧಿ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ ಮೇಷ್ಟ್ರೇ?” ಎಂದು ವೈದ್ಯರು ಕೇಳಿದರು.

“ಇಲ್ಲ” ಎಂದೆ. ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವನು ನಾನು!

ಜೊತೆಯಲ್ಲಿದ್ದ ಮೊಮ್ಮಗಳು, “ಅಜ್ಜ ಮಾತ್ರೆ ಬಿಟ್ಟು ನಾಲ್ಕು ತಿಂಗಳಾಯಿತು” ಎಂದಳು. ಅವಳಾಗ ಒಂಬತ್ತನೆಯ ತರಗತಿಯಲ್ಲಿದ್ದಳು. ಕಾಲಿನ ಒಂದು ಬೆರಳು ಹೋಯಿತು; ಪಾದ ಉಳಿಯಿತು.

ನನ್ನ ಅಭಿಪ್ರಾಯವಿಷ್ಟೆ. ಹಾಗಲಕಾಯಿ, ಮೆಂತ್ಯಗಳು ಊಟದಲ್ಲಿರಲಿ. ಆದರೆ ಅವು ಮಾತ್ರೆಗೂ ಇನ್ಸುಲಿನ್ನಿಗೂ ಬದಲಿಯಲ್ಲ. ಮಾತ್ರೆಯ ಜೊತೆಗೆ ಮನೆಮದ್ದು ಸೇರಿದಾಗ ಸಕ್ಕರೆಯ ಮಟ್ಟ ಅಪಾಯಕಾರಿಯಾಗಿ ಕುಸಿಯಲೂಬಹುದು. ಆದುದರಿಂದ ಏನನ್ನೇ ಸೇವಿಸಲಿ, ರೋಗಿ ಅದನ್ನು ವೈದ್ಯರಿಗೆ ತಿಳಿಸಬೇಕು. ವೈದ್ಯರೂ ಗದರಿಸದೆ ಕೇಳಬೇಕು. ಮಧುಮೇಹವನ್ನು ಗುಣಪಡಿಸುವುದಾಗಿ ಔಷಧಿಯ ಜಾಹೀರಾತು ನೀಡುವುದನ್ನು 1954ರ ಕಾಯಿದೆಯೇ ನಿಷೇಧಿಸಿದೆ. ಅಂಥ ಜಾಹೀರಾತು ಕಂಡರೆ ಹಿರಿಯರಿಗೆ ಈ ಮಾತನ್ನು ನೆನಪಿಸಿರಿ.

ಇಂದಿಗೂ ನನ್ನ ಅಂಗಳದಲ್ಲಿ ಆ ಗಿಡವಿದೆ. ಅದರ ಹೂವನ್ನು ನೋಡಿ ಸಂತೋಷಪಡುತ್ತೇನೆ. ಬಳಿಕ ಚಪ್ಪಲಿ ಮೆಟ್ಟಿ ಒಳಗೆ ಹೋಗಿ ಮಾತ್ರೆ ನುಂಗುತ್ತೇನೆ. ಪಕ್ಕದಲ್ಲಿ ಮೊಮ್ಮಗಳಿದ್ದರೆ ನೀರಿನ ಲೋಟ ಅವಳ ಕೈಯಲ್ಲಿರುತ್ತದೆ.